ಹಳೇ ವಿಳಾಸಕ್ಕೊಂದು ಪ್ರತಿ

ತೆರಿಗೆ ಕಚೇರಿಯಲ್ಲಿ ಆ ಗುಮಾಸ್ತನನ್ನು ಎಲ್ಲರೂ ಮೂಗಣ್ಣ ಎನ್ನುತ್ತಿದ್ದರು. ಮನೆ ಬದಲಿಸಿದವರು ಪಾತಾಳದಲ್ಲಿ ಅಡಗಿದ್ದರೂ ವಾಸನೆ ಹಿಡಿದು ಪತ್ತೆ ಮಾಡುವ ಆಸಾಮಿ. ಆ ಬಿರುದಿಗೆ ಅವನಿಗೂ ಒಳಗೊಳಗೇ ಹಿಗ್ಗು, ಸುಳ್ಳೇಕೆ?

ಈ ಸಲ ಸಿಕ್ಕಿದ್ದು ಬಟ್ಟೆ ಹೊಲಿಯುವ ಹೆಂಗಸು. ಹೆಚ್ಚಿಗೆ ಕಟ್ಟಿದ ತೆರಿಗೆಯನ್ನು ವಾಪಸು ಕೊಡೋಣವೆಂದರೆ ಕಳಿಸಿದ ಪತ್ರಗಳೆಲ್ಲ ಹಿಂದಿರುಗಿದ್ದವು. ಅಂಗಡಿಗೆಂದು ಅವಳು ಹಾಕಿದ ಕರೆಂಟ್ ಮೀಟರಿನ ಅರ್ಜಿ ಹಿಡಿದು ಮೂಗಣ್ಣ ಹೊಸ ಮನೆಯ ಬಾಗಿಲಿನವರೆಗೂ ಹೋಗಿಬಿಟ್ಟಿದ್ದ, ಕೂತ ಕುರ್ಚಿಯಿಂದಲೇ. ನಿನ್ನೆ ಪತ್ರ ಹೊರಡಿಸಿ, ಇವತ್ತು ಸಿಹಿಸುದ್ದಿ ಹೇಳಲು ಫೋನ್ ಮಾಡಿದ.

"ಅಕ್ಕಾ, ನಿಮಗೆ ದುಡ್ಡು ವಾಪಸ್ ಬರೋದಿದೆ."

"ಈ ಮನೆ ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮ ಕೆಲಸವೇ ಅದು."

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಹಳೇ ಮನೇಲಿ ನನ್ನ ಗಂಡ ಇದಾನೆ. ನನ್ನ ಕೈ ಮುರಿದು ಹಾಕಿದವನು. ಸಿಕ್ಕಿದ್ರೆ ಜೀವಸಹಿತ ಬಿಡಲ್ಲ ಅಂದಿದಾನೆ. ಅವನಿಗೆ ಮಾತ್ರ ಗೊತ್ತಾಗಬಾರದು."

"ಯಾರಿಗೂ ಹೇಳಲ್ಲ..." ಎಂದವನ ನಾಲಿಗೆ ಅಲ್ಲಿಗೇ ನಿಂತಿತು. ಹೊಸ ವಿಳಾಸ ಸಿಕ್ಕರೆ ಹಳೇ ಮನೆಯಲ್ಲಿರುವವರ ಗಮನಕ್ಕೂ ಆ ವಿಳಾಸವಿರುವ ಪತ್ರದ ಒಂದು ಪ್ರತಿ ಹೋಗಬೇಕು. ಅದು ಕಚೇರಿಯ ಪದ್ಧತಿ. ಆ ಪ್ರತಿಗೆ ಮೊಹರು ಒತ್ತಿದ್ದು ಅವನೇ.

ಎದ್ದೆನೋ ಬಿದ್ದೆನೋ ಎಂದು ಟಪಾಲಿನ ಕೋಣೆಗೆ ಓಡಿದ.

"ಅದಾ? ಹತ್ತಿರದ್ದೇ ಅಲ್ವಾ ಅಂತ ಬೆಳಿಗ್ಗೆ ಆಳಿನ ಕೈಲೇ ಕಳಿಸಿದೆ," ಎಂದಳು ಅಲ್ಲಿದ್ದವಳು.

ಸ್ಕೂಟರ್ ಏರಿ ಆ ಬೀದಿ ಮುಟ್ಟುವಷ್ಟರಲ್ಲಿ ಅವನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಬಾಗಿಲಲ್ಲಿ ಇಸ್ತ್ರಿ ಅಂಗಿ ತೊಟ್ಟ ಗಂಡಸೊಬ್ಬ ಬೀಗ ಹಾಕುತ್ತಿದ್ದ. ಜೇಬಿನಿಂದ ಕಚೇರಿಯ ಲಕೋಟೆ ಇಣುಕುತ್ತಿತ್ತು.

"ತೆರಿಗೆ ಕಚೇರಿಯಿಂದ ಬಂದೆ. ಆ ವಿಳಾಸ ತಪ್ಪಾಗಿದೆ. ಪತ್ರ ವಾಪಸ್ ಕೊಡಿ."

ಅವನು ನಕ್ಕ. "ಮೊಹರು ಇದೆಯಲ್ಲ ಸಾರ್! ಎಂಥ ಉಪಕಾರ ಮಾಡಿದ್ರಿ. ಎರಡು ವರ್ಷ ಹುಡುಕಿ ಹುಡುಕಿ ಸಾಕಾಗಿತ್ತು."

ಮೂಗಣ್ಣ ತೋಳು ಹಿಡಿದ. ಅವನು ನೊಣ ಓಡಿಸಿದ ಹಾಗೆ ಕೊಡವಿ, ಬೈಕ್ ಹತ್ತಿ ಹೋದ.

ಮೂಗಣ್ಣ ಮೊದಲು ಪೊಲೀಸರಿಗೆ, ಆಮೇಲೆ ಅವಳಿಗೆ ಫೋನ್ ಮಾಡಿದ.

"ಅಕ್ಕಾ, ತಪ್ಪು ನನ್ನದು. ಅವನು ಹೊರಟಿದಾನೆ. ಪೊಲೀಸರಿಗೆ ಹೇಳಿದೀನಿ, ಆದ್ರೆ ಅವರನ್ನ ಕಾಯ್ತಾ ಕೂರಬೇಡಿ. ಈಗಲೇ ಮನೆ ಬಿಡಿ."

ಆ ಕಡೆ ಏನೋ ಉರುಳಿದ ಸದ್ದು, ಮಗುವನ್ನು ಕೂಗಿದ ಸದ್ದು. "ನನ್ನ ಗೆಳತಿಯೊಬ್ಬಳು ಇದಾಳೆ ಸಾರ್, ಅವಳ ಮನೆ..."

"ಹೇಳಬೇಡಿ!" ನಡುಬೀದಿಯಲ್ಲೇ ಕಿರುಚಿದ ಮೂಗಣ್ಣ. "ಎಲ್ಲಿಗೆ ಅಂತ ನನಗೆ ಮಾತ್ರ ಹೇಳಬೇಡಿ."