ಮೂರು ಮಿಲಿಮೀಟರ್ ತಗ್ಗು

ನಾನು ಒಂದು ಲೇಥು. ಮರವನ್ನು ತಿರುಗಿಸಿ ದುಂಡಗೆ ಕಡೆಯುವ ಯಂತ್ರ. ಉದ್ದ ಹನ್ನೆರಡು ಅಡಿ, ತೂಕ ಒಂದೂಕಾಲು ಟನ್. ಹುಟ್ಟಿದ್ದು 1931ರಲ್ಲಿ, ಇಂಗ್ಲೆಂಡಿನಲ್ಲಿ. ಇಸವಿ ನನ್ನ ಕಾಲಿನ ಮೇಲೆ ಎರಕದಲ್ಲಿಯೇ ಇದೆ. ಊರಿನ ಹೆಸರನ್ನು ಯಾರೋ ಉಜ್ಜಿ ಅಳಿಸಿದ್ದಾರೆ, ಹಾಗಾಗಿ ಹೇಳಲಾರೆ.

ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಬೆಳಗಾವಿಗೆ ಬಂದು ಒಂದು ಫೌಂಡ್ರಿ ಸೇರಿದೆ. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಅದಕ್ಕೆ ಪ್ಯಾಟರ್ನ್ ಅನ್ನುತ್ತಾರೆ. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಬ್ಬಿಣ ಹೊಯ್ಯುತ್ತಾರೆ. ದುಂಡನೆಯ ಪ್ಯಾಟರ್ನ್‌ಗಳೆಲ್ಲ ನನ್ನ ಮೇಲೆ ಆಗುತ್ತಿದ್ದವು.

ಮೊದಲು ನನ್ನನ್ನು ನಡೆಸಿದವರು ನಾಲ್ವರು. ಅವರ ಬಗ್ಗೆ ದೂರಿಲ್ಲ, ಹೆಚ್ಚು ನೆನಪೂ ಇಲ್ಲ. 1968ರಲ್ಲಿ ಮೋನಪ್ಪ ಬಡಿಗೇರ ಬಂದರು. ಬೆಳಿಗ್ಗೆ ಬಂದವರೇ ಮೊದಲು ನನ್ನ ಮೇಲೆ ಅಂಗೈ ಇಡುತ್ತಿದ್ದರು. ಕಿಟಕಿಯ ಪಕ್ಕ ಇನ್ನೊಂದು ಸಣ್ಣ ಲೇಥು ಇತ್ತು. ಅವರು ಅತ್ತ ಹೋದ ದಿನ ನನ್ನ ಬೇರಿಂಗ್ ಬಿಸಿಯಾಗುತ್ತಿತ್ತು ಎಂದರೆ ಸುಳ್ಳಾದೀತು. ನಿಂತ ಯಂತ್ರದ ಬೇರಿಂಗ್ ಬಿಸಿಯಾಗುವುದಿಲ್ಲ. ಹೊಟ್ಟೆಕಿಚ್ಚಂತೂ ಆಗುತ್ತಿತ್ತು.

ನಲವತ್ತೊಂದು ವರ್ಷ ದುಡಿದು ಅವರು ನಿವೃತ್ತರಾದರು. "ನನ್ನ ಒಂದ ಒಂದು ಪ್ಯಾಟರ್ನ್ ತಪ್ಪೈತಿ ಅಂತ ವಾಪಸ್ ಬಂದಿಲ್ಲ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಅದು ನಿಜವೇ. ಐದು ವರ್ಷದ ನಂತರ ಫೌಂಡ್ರಿ ಮುಚ್ಚಿತು. ಗುಜರಿಗೆ ಸಾಗಿಸುವಾಗ ನನ್ನ ಟೇಲ್‌ಸ್ಟಾಕು ಬಿದ್ದು ಎರಡು ಹೋಳಾಯಿತು. ಮರದ ಆಚೆ ತುದಿಯನ್ನು ಚೂಪು ಮೊನೆಯಿಂದ ಹಿಡಿಯುವ ಭಾಗ ಅದು. ಅದಿಲ್ಲದೆ ನಾನು ಅರ್ಧ ಲೇಥು.

ಎಂಟು ವರ್ಷದ ಮೇಲೆ ಗುಜರಿಯಿಂದ ನನ್ನನ್ನು ಬಿಡಿಸಿ ತನ್ನ ಶೆಡ್ಡಿಗೆ ತಂದವಳು ಮೋನಪ್ಪನವರ ಮಗಳು ಕಸ್ತೂರಿ. ಅವಳೂ ಪ್ಯಾಟರ್ನ್ ಮಾಡುವವಳೇ. ಸೀಮೆಎಣ್ಣೆ, ಎಮರಿ ಕಾಗದ ಹಿಡಿದು ನಾಲ್ಕು ತಿಂಗಳು ನನ್ನ ತುಕ್ಕು ತೆಗೆದಳು. ಆ ನಾಲ್ಕು ತಿಂಗಳು ನಾನು ಸುಖವಾಗಿದ್ದೆ.

ಆಮೇಲೆ ಮೋನಪ್ಪ ಬಂದರು. ವಯಸ್ಸು ಎಪ್ಪತ್ತೆಂಟು.

"ಟೇಲ್‌ಸ್ಟಾಕಿನ ಪ್ಯಾಟರ್ನ್ ನಾನ ಮಾಡ್ತೀನಿ. ನೀ ಕೈ ಹಚ್ಚಬ್ಯಾಡ."

"ಕಣ್ಣು ಕಾಣಸ್ತಾವೇನು ಅಪ್ಪಾ?"

"ಕಣ್ಣು ಕಾಣಲಾರದನ ನಿಮ್ಮವ್ವನ್ನ ನೋಡಿ ಒಪ್ಪಿದ್ನೇನ?"

"ಅವ್ವ ಇದ್ದಿದ್ರ ಈಗ ಉತ್ತರ ಕೊಡ್ತಿದ್ಲು."

ಹತ್ತೊಂಬತ್ತು ದಿನ ಅವರು ನನಗೆ ಬೆನ್ನು ಹಾಕಿ ಕುಳಿತು ಪ್ಯಾಟರ್ನ್‌ಗೆಂದು ತಂದ ಸಾಗವಾನಿ ತುಂಡನ್ನು ಉಜ್ಜಿದರು, ಸವರಿದರು, ಊದಿದರು. ನನ್ನ ಮೇಲೆ ಒಮ್ಮೆಯೂ ಅಂಗೈ ಇಡಲಿಲ್ಲ.

ಅಲ್ಲೇ ಒಂದು ತಪ್ಪಾಯಿತು. ಕಬ್ಬಿಣ ಆರುವಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಅದಕ್ಕೇ ಈ ಕಸುಬಿನವರ ಬಳಿ ಪ್ರತಿ ಗೆರೆಯನ್ನೂ ಅಷ್ಟೇ ಹಿಗ್ಗಿಸಿದ ಬೇರೆ ಸ್ಕೇಲು ಇರುತ್ತದೆ. ಒಡೆದ ಹಳೆಯ ಭಾಗವನ್ನು ಸಾಮಾನ್ಯ ಸ್ಕೇಲಿನಲ್ಲಿ ಅಳೆದು, ಪ್ಯಾಟರ್ನನ್ನು ಹಿಗ್ಗಿದ ಸ್ಕೇಲಿನಲ್ಲಿ ಮಾಡಬೇಕು. ಮೋನಪ್ಪ ತಮ್ಮ ಪೆಟ್ಟಿಗೆಯಲ್ಲಿ ಉಳಿದಿದ್ದ ಹಿಗ್ಗಿದ ಸ್ಕೇಲಿನಲ್ಲೇ ಎರಡನ್ನೂ ಅಳೆದರು. ಹಾಗಾಗಿ ಪ್ಯಾಟರ್ನ್ ಹಳೆಯದರಷ್ಟೇ ಆಯಿತು, ಕಬ್ಬಿಣ ಕುಗ್ಗಲು ಹೆಚ್ಚುವರಿ ಉಳಿಯಲಿಲ್ಲ. ನಾನು ನೋಡಿದೆ. ನನಗೆ ಬಾಯಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೆಂಬ ನಂಬಿಕೆ ಇಲ್ಲ.

ಎರಕವಾಗಿ ಬಂದ ಟೇಲ್‌ಸ್ಟಾಕನ್ನು ಮಶಿನಿಸ್ಟ್ ದಸ್ತಗೀರ ಅಡಿ ನುಣುಪು ಮಾಡಿ, ತೂತು ಕೊರೆದು ತಂದು ಕೂರಿಸಿದ. ಈಚೆ ತುದಿಯ ನನ್ನ ಮೊನೆಯನ್ನೂ ಅದರ ಮೊನೆಯನ್ನೂ ಎದುರುಬದುರು ತಂದರು. ಮುನ್ನೂರು ಮಿಲಿಮೀಟರ್ ಎತ್ತರದಲ್ಲಿ ಇರಬೇಕಾದ ಅದರ ಮೊನೆ ಮೂರು ಮಿಲಿಮೀಟರ್ ಕೆಳಗಿತ್ತು. ಹತ್ತೊಂಬತ್ತು ದಿನದ ಮುದ್ದಿಗೆ ಇಷ್ಟೇ ಬೆಲೆ! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಅಕ್ಕಾ, ಇದು ನನ್ನ ತಪ್ಪಲ್ಲ. ಪ್ಯಾಟರ್ನ್‌ದಾಗ..."

"ಗೊತ್ತೈತಿ. ಬಾಯಿ ಮುಚ್ಚು."

"ಕಾಕಾಗ ಹೇಳಿ ಇನ್ನೊಂದು ಮಾಡಸೂಣಲ್ಲ?"

"ಇಷ್ಟು ವರ್ಷದಾಗ ಅವರದು ಒಂದೂ ವಾಪಸ್ ಬಂದಿಲ್ಲ, ದಸ್ತಗೀರ. ಇದೂ ಬರೂದಿಲ್ಲ."

ಕಸ್ತೂರಿ ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯೊಂದನ್ನು ಕತ್ತರಿಸಿ ಅದರ ಅಡಿಗೆ ಕೊಟ್ಟಳು. ಸಂದು ಕಾಣದಂತೆ ಬೂದು ಬಣ್ಣ ಬಳಿದಳು.

ಬಣ್ಣ ಆರಿದ ಮೇಲೆ ಮೋನಪ್ಪನವರನ್ನು ಕರೆದಳು. ಮೊನೆಗೆ ಮೊನೆ ಕೂಡಿತು.

"ನೋಡಪ್ಪಾ, ಕೂದಲಷ್ಟೂ ಆಚೀಚೆ ಇಲ್ಲ."

ಅವರು ಹೆಬ್ಬೆರಳಿನಿಂದ ಟೇಲ್‌ಸ್ಟಾಕನ್ನು ಮೇಲಿನಿಂದ ಕೆಳಗೆ ಸವರುತ್ತ ಬಂದರು. ಉಗುರು ಪಟ್ಟಿಯ ಅಂಚಿಗೆ ತಾಗಿ ನಿಂತಿತು. ಆಮೇಲೆ ಆ ಅಂಚಿನ ಉದ್ದಕ್ಕೂ, ಈ ತುದಿಯಿಂದ ಆ ತುದಿಗೆ, ಮೆಲ್ಲಗೆ ಸರಿಯಿತು. ದಸ್ತಗೀರ ಸೂರು ನೋಡುತ್ತ ನಿಂತ.

"ಬಣ್ಣ ಚಲೋ ಹಚ್ಚಿದಿ," ಅಂದರು ಮೋನಪ್ಪ.

"ಎರಡು ಕೋಟ್ ಹೊಡದೀನಿ."

"ಹೂಂ. ಗಟ್ಟಿ ಕುಂತೈತಿ." ಅವರ ಕೈ ಇನ್ನೂ ಅಲ್ಲೇ ಇತ್ತು.

ಈಗ ನಾನು ದಿನಾ ತಿರುಗುತ್ತೇನೆ. ಟೇಲ್‌ಸ್ಟಾಕಿನ ಮೇಲಿನ ಸಿಟ್ಟು ಇಳಿದಿದೆ. ಜೊತೆಯಲ್ಲಿ ದುಡಿಯುವವರು ಎಷ್ಟು ದಿನ ಮುನಿದಿರಲು ಸಾಧ್ಯ? ನನಗೆ ಸಹಿಸಲಾಗದಿರುವುದು ಆ ಪಟ್ಟಿ. ಅದು ತಿರುಗುವುದಿಲ್ಲ, ಕಡೆಯುವುದಿಲ್ಲ. ಅಪ್ಪ ಬಂದಾಗ ಮಗಳು ಅದಕ್ಕೆ ಅಡ್ಡ ನಿಲ್ಲುತ್ತಾಳೆ. ಅಪ್ಪ ಅತ್ತ ಕಣ್ಣು ಹಾಯಿಸದೆ ಮಾತಾಡುತ್ತಾರೆ. ತೊಂಬತ್ತಕ್ಕೂ ಹೆಚ್ಚು ವರ್ಷದ ನನ್ನ ಬದುಕಿನಲ್ಲಿ ಇಬ್ಬರು ಸೇರಿ ನನ್ನನ್ನು ಇಷ್ಟು ಜೋಪಾನ ಮಾಡಿದ್ದು ಒಂದು ದಿನವೂ ಇಲ್ಲ.