ಮೂವತ್ತು ಮಾರಿನ ಹಗ್ಗ

ಎರಡು ಹಳ್ಳ ಕೂಡುವಲ್ಲಿ ಒಂದು ಪೇಟೆಯಿತ್ತು. ಅದರ ಹೆಸರೆತ್ತಿದರೆ ಅಲ್ಲಿಯವರು ಎದೆ ಉಬ್ಬಿಸುತ್ತಾರೆ, ಪಕ್ಕದೂರಿನವರು ಮುಖ ತಿರುವುತ್ತಾರೆ, ಅದಕ್ಕೇ ಹೇಳುವುದಿಲ್ಲ. ದನದ ವ್ಯಾಪಾರದಲ್ಲಿ ಅದನ್ನು ಮೀರಿಸಿದ ಪೇಟೆ ಸುತ್ತೆಲ್ಲೂ ಇರಲಿಲ್ಲ ಎಂಬುದನ್ನು ಮಾತ್ರ ಹಗೆಗಳೂ ಒಪ್ಪುತ್ತಿದ್ದರು.

ಹಿಂದೊಮ್ಮೆ ಹೋರಿಗಳು ಹುಚ್ಚೆದ್ದು ಕಾದಾಡಿ ಅರ್ಧ ಪೇಟೆ ನೆಲಸಮವಾಗಿತ್ತು. ಅಂದು ಐದು ಮನೆತನದ ಸಾಹುಕಾರರು ಮುಂದೆ ಬಿದ್ದು ಅವನ್ನು ಹಿಡಿದು ಕಟ್ಟಿದರು. ಇನ್ನೆಂದೂ ಹೀಗಾಗಬಾರದೆಂದು ಒಂದು ನ್ಯಾಯದ ಕಟ್ಟೆ ಕಟ್ಟಿಸಿದರು. ಮೂವತ್ತು ಮಾರಿನ ಹಗ್ಗ ಹೊಸೆಯಿಸಿ, ಮರದ ರಾಟೆಗೆ ಸುತ್ತಿ, ಐದು ಬೀಗದ ಪೆಟ್ಟಿಗೆಯಲ್ಲಿಟ್ಟರು. ಯಾರ ದನ ಹುಚ್ಚೆದ್ದರೂ ಈ ಹಗ್ಗ ಬರುತ್ತದೆ, ಬೇರೆ ಯಾರೂ ಉದ್ದ ಹಗ್ಗ ಇಟ್ಟುಕೊಳ್ಳುವ ಅಗತ್ಯವಿಲ್ಲ ಎಂದು ಡಂಗುರ ಹೊಡೆಸಿದರು.

ಹಗ್ಗ ತೆಗೆಯುವ ಕ್ರಮ ದನದ ವ್ಯಾಪಾರದ್ದೇ. ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವಂತೆ, ಐವರೂ ಒಂದು ಶಾಲಿನೊಳಗೆ ಕೈಯಿಟ್ಟು ಒಂದೊಂದು ಬೆರಳು ಚಾಚುವರು. ಐದೂ ನೆಟ್ಟಗಿದ್ದರೆ ಹಗ್ಗ ಹೊರಗೆ. ಒಂದು ಮಡಿಚಿದ್ದರೂ ಹಗ್ಗ ಒಳಗೆ. ಸಣ್ಣವರ ಕರುವೋ ಆಡೋ ತಪ್ಪಿಸಿಕೊಂಡಾಗ ಐದೂ ಬೆರಳು ನೆಟ್ಟಗೇ ಇರುತ್ತಿದ್ದವು, ರಾಟೆಯಿಂದ ಒಂದು ಮಾರು ತುದಿ ಎಳೆದರೆ ಸಾಕಾಗುತ್ತಿತ್ತು. ಐವರಲ್ಲೊಬ್ಬರ ಹೋರಿ ತಪ್ಪಿಸಿಕೊಂಡ ದಿನ ಮಾತ್ರ ಒಂದು ಬೆರಳಿಗೆ ವಾತ ಹಿಡಿಯುತ್ತಿತ್ತು.

ಹಾಗೆಂದು ಹಗ್ಗದ ಮೇಲಿನ ಅಭಿಮಾನವೇನೂ ಕಡಿಮೆಯಾಗಲಿಲ್ಲ. ವರ್ಷಕ್ಕೊಮ್ಮೆ, ರೇಷ್ಮೆ ಹೊದಿಸಿಯೇ ಇಟ್ಟ ರಾಟೆಗೆ ಹೂ ಏರಿಸಿ, ಬಾಜಾ ಹಚ್ಚಿ ಮೆರೆಸುತ್ತಿದ್ದರು. ಕಡೆಗೆ ಹಿರಿ ಸಾಹುಕಾರ ರೇಷ್ಮೆಯಡಿಯಿಂದ ತುದಿಯೆಳೆದು ಗೇಣುದ್ದದ ಐದು ತುಂಡು ಕತ್ತರಿಸುವನು. ಅವನ್ನು ಐದು ಮನೆಗಳ ಬಾಗಿಲಿಗೆ ಕಟ್ಟುವರು. ಬೇರೆ ಮಾಲನ್ನು ಬಿಚ್ಚಿ, ಮೂಸಿ, ತೂಗಿ ಕೊಳ್ಳುವ ಪೇಟೆಯದು. ಆ ರೇಷ್ಮೆಯನ್ನು ಮಾತ್ರ ನಲವತ್ತೈದು ವರ್ಷ ಯಾರೂ ಎತ್ತಿ ನೋಡಲಿಲ್ಲ.

ಬಳೆ ಸಾಲಿನಲ್ಲಿ ಕಲ್ಲವ್ವನೆಂಬ ಬಳೆಗಾರ್ತಿಯಿದ್ದಳು. ಕೈ ಕಂಡೊಡನೆ ಅಳತೆ ಹೇಳುವವಳು. ಆ ವರ್ಷ ಐವರಲ್ಲೊಬ್ಬನಾದ ಹತ್ತಿ ಸಾಹುಕಾರನ ಹೋರಿ ಬಳೆ ಸಾಲಿಗೆ ನುಗ್ಗಿ ಅವಳ ಗಾಜನ್ನೆಲ್ಲ ಪುಡಿ ಮಾಡಿತು. ಕಟ್ಟೆ ಕೂಡಿತು. ಒಂದು ಬೆರಳಿಗೆ ವಾತ ಹಿಡಿಯಿತು. ಕಲ್ಲವ್ವ ಇದ್ದ ಎರಡು ಕಡಗ ಮಾರಿ ಮತ್ತೆ ಬಳೆ ತಂದು ಜೋಡಿಸಿದಳು. ಇನ್ನೊಮ್ಮೆ ಹೋರಿ ಬಂದರೆ ಮಾರಲು ಮೈಮೇಲೆ ಏನೂ ಉಳಿದಿರಲಿಲ್ಲ.

ಈ ಸಲ ಪೇಟೆ ಸುಮ್ಮನಿರಲಿಲ್ಲ. ಶಾಲು ತೆಗೆಯಿರಿ, ಯಾರ ಬೆರಳೆಂದು ಕಾಣಲಿ ಎಂದು ಗದ್ದಲವೆದ್ದಿತು. ಕಟ್ಟೆಯವರು ಧಾರಾಳವಾಗಿ ಒಪ್ಪಿದರು. ಆದರೆ ಶಾಲು ತೆಗೆಯಬೇಕೋ ಬೇಡವೋ ಎಂಬುದನ್ನೂ ಶಾಲಿನೊಳಗೇ ತೀರ್ಮಾನಿಸಬೇಕಿತ್ತು. ಅಲ್ಲಿ ವಾತ ಐದೂ ಬೆರಳಿಗೆ ಹಬ್ಬಿತು. ಬಹಳ ದಿನ ಎಳೆದಾಡಿದ ಮೇಲೆ ಒಂದು ದರ ಕುದುರಿತು. ಶಾಲು ಇರಲಿ, ಹೊಸದಾಗಿ ಬಲಿತ ಬೆಲ್ಲದ ಮನೆ, ಮೆಣಸಿನಕಾಯಿ ಮನೆ ಎರಡೂ ಕಟ್ಟೆಗೇರಲಿ, ಐದು ಕೈ ಏಳಾಗಲಿ.

ಸುದ್ದಿ ಕೇಳಿ ಪೇಟೆ ಹಿಗ್ಗಿತು. ಸುತ್ತಲ ಯಾವ ಊರಿಗೂ ಏಳು ಕೈಯ ಕಟ್ಟೆಯಿರಲಿಲ್ಲ. ತುಂಬಿದ ಸಭೆಯಲ್ಲಿ ಕಲ್ಲವ್ವ ಎದ್ದು ನಿಂತಳು.

"ಸಾವ್ಕಾರ್ರ, ಹಗ್ಗ ಈಗ ಎಷ್ಟು ಮಾರು ಉಳದೈತ್ರಿ?"

ಹಿರಿ ಸಾಹುಕಾರ ನಕ್ಕ. "ಏನಬೇ ಕಲ್ಲವ್ವ, ನಾವು ಕೂಡೋ ಜಾಗದ ಮಾತಾಡಾಕತ್ತೇವಿ, ನೀ ಹಗ್ಗದ ಮಾತ ತಂದಿ."

"ಹೋರಿ ಬಂದಾಗ ಜಾಗ ಬೀಸಿ ಒಗಿಯಾಕ ಬರಂಗಿಲ್ಲಲ್ರಿ."

"ಮೂವತ್ತು ಮಾರು ಅಂತ ಊರಿಗೇ ಗೊತ್ತೈತಿ. ಬಳಿ ಅಳತಿ ನಿನಗ ಬಿಟ್ಟೇವಿ, ಹಗ್ಗದ ಅಳತಿ ನಮಗ ಬಿಡು."

ಸಭೆ ನಕ್ಕಿತು. ಕಲ್ಲವ್ವ ಕೂರಲಿಲ್ಲ, ಸೆರಗು ಕೊಡವಿ, ಬಳೆ ಸಾಲಿನ ತುದಿಯಲ್ಲಿ ಗೋಣಿಚೀಲ ಹೊಲಿಯುವ ಮೌಲಾಸಾಬನ ಬಳಿ ಹೋದಳು.

"ಮಾವಾ, ಹೋರಿ ಕೊಳ್ಳಿನ ಅಳತಿ ನಾ ಹೇಳ್ತೇನಿ. ನೀ ಹಗ್ಗ ಹೊಸಿ."

"ಬ್ಯಾಡ ಅಂತ ಡಂಗುರ ಹೊಡಿಸ್ಯಾರಲ್ಲಬೇ?"

"ಬ್ಯಾಡ ಅಂದಿಲ್ಲ, ಅಗತ್ಯ ಇಲ್ಲ ಅಂದಾರ. ಅಗತ್ಯ ನಮ್ಮದೈತಲ್ಲ."

ಸಾಲಿನವರೆಲ್ಲ ಒಂದೊಂದು ಕಟ್ಟು ಕತ್ತಾಳೆ ನಾರು ತಂದರು. ಎಂಟು ದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೊಸೆದರು. ಚಂದವೇನೂ ಇರಲಿಲ್ಲ, ಮೈಯೆಲ್ಲ ಸಿಬಿರು.

ಏಳು ಕೈ ಕೂಡುವ ದಿನ ಬಂತು. ಮೆರವಣಿಗೆ ಮುಗಿದು, ಹಿರಿ ಸಾಹುಕಾರ ಏಳು ತುಂಡು ಕತ್ತರಿಸಿ, ರಾಟೆಯನ್ನು ಪೆಟ್ಟಿಗೆಯಲ್ಲಿಟ್ಟು ಏಳು ಬೀಗ ಜಡಿಸಿದ್ದನಷ್ಟೆ. ಸಿಂಗರಿಸಿ ನಿಲ್ಲಿಸಿದ್ದ ಹತ್ತಿ ಸಾಹುಕಾರನ ಹೋರಿ ಬಾಜಾದ ಸದ್ದಿಗೆ ಬೆದರಿ, ಗೂಟ ಕಿತ್ತು, ನೇರವಾಗಿ ಕಟ್ಟೆಯತ್ತಲೇ ನುಗ್ಗಿತು.

ಏಳು ಕೈಗಳ ಮೇಲೆ ಶಾಲು ಬಿದ್ದಿತು. ಪೇಟೆಯ ಇತಿಹಾಸದಲ್ಲೇ ಮೊದಲ ಸಲ ಸಾಹುಕಾರರ ಹೋರಿ ತಪ್ಪಿಸಿಕೊಂಡಾಗಲೂ ಒಂದು ಬೆರಳಿಗೂ ವಾತವಿರಲಿಲ್ಲ. ಎಲ್ಲರಿಗಿಂತ ಮೊದಲು ನೆಟ್ಟಗಾದದ್ದು ಹತ್ತಿ ಸಾಹುಕಾರನ ಬೆರಳು, ಏಕೆಂದರೆ ಕೊಂಬು ಅವನ ಕಡೆಗೇ ಇತ್ತು. ಏಳು ಬೀಗ ತೆಗೆದು, ರೇಷ್ಮೆ ಸರಿಸಿದರು. ರಾಟೆಯ ಮೇಲಿದ್ದದ್ದು ನಾಲ್ಕು ಮೊಳ ಹಗ್ಗ. ಆಡು ಕಟ್ಟಲು ಅಡ್ಡಿಯಿರಲಿಲ್ಲ.

ಏಳು ಜನವೂ ಕಟ್ಟೆಯ ಹಿಂದಕ್ಕೆ ಧುಮುಕಿದರು. ಹೋರಿ ಬಳೆ ಸಾಲಿಗೆ ತಿರುಗಿತು. ಅಲ್ಲಿ ಎರಡು ಕಲ್ಲುಕಂಬಗಳ ನಡುವೆ ಮೌಲಾಸಾಬ ಕುಣಿಕೆ ಇಳಿಬಿಟ್ಟು ನಿಂತಿದ್ದ. ಹೋರಿ ಕೊರಳು ತೂರಿಸಿತು. ಹನ್ನೆರಡು ಜನ ಹಿಂದಕ್ಕೆ ಜಗ್ಗಿ ಕಂಬಕ್ಕೆ ನಾಲ್ಕು ಸುತ್ತು ಹಾಕಿದರು. ಕುಣಿಕೆ ಬಿಗಿಯಲೂ ಇಲ್ಲ, ಜಾರಲೂ ಇಲ್ಲ. ಕಲ್ಲವ್ವನ ಒಂದು ಬುಟ್ಟಿ ಉರುಳಿತು. ಮೂರು ಡಜನ್ ಹಸಿರು ಬಳೆ ಹೋದವು. ಅಂಗಡಿ ಉಳಿಯಿತು.

ಅಂದು ಆ ಸಾಲು ನಿಂತ ಗತ್ತನ್ನು ನೋಡಬೇಕಿತ್ತು. ಅಂಗೈಯಲ್ಲಿ ಸಿಬಿರು, ಹಣೆಯಲ್ಲಿ ಬೆವರು. ಕಟ್ಟೆಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಕಟ್ಟೆಯವರೇ ಬಂದರು. ಧೂಳು ಒರೆಸಿಕೊಂಡು, ಅಲ್ಲೇ ಶಾಲು ಹಾಸಿ, ಚಣದಲ್ಲಿ ಏಳು ಬೆರಳೂ ನೆಟ್ಟಗೆ ಮಾಡಿದರು. ಹಿರಿ ಸಾಹುಕಾರ ಕಲ್ಲವ್ವನಿಗೆ ಹಾರ ಹಾಕಿದ.

"ಈ ಹಗ್ಗ ಇನ್ನ ಬರೇ ಬಳಿ ಸಾಲಿಂದಲ್ಲ, ಇಡೀ ಪ್ಯಾಟಿ ಹೆಮ್ಮಿ. ಕಟ್ಟಿಮ್ಯಾಲೆ ಪೆಟ್ಟಿಗ್ಯಾಗ ಇರತೈತಿ. ಬಾಕಿಯವರು ಹಗ್ಗದ ಚಿಂತಿ ಬಿಡ್ರಿ."

ಕಲ್ಲವ್ವ ಹಗ್ಗ ಸುತ್ತಿ ಕೊಟ್ಟಳು. ಬಾಜಾ ಮತ್ತೆ ಶುರುವಾಯಿತು. ಮೌಲಾಸಾಬನಿಗೆ ತಡೆಯಲಾಗಲಿಲ್ಲ.

"ಕೊಟ್ಟೇ ಬಿಟ್ಟೆಲ್ಲಬೇ?"

"ವರ್ಷಾ ಕತ್ತರಸಾಕ ಅವರಿಗೇನರ ಬೇಕಲ್ಲ, ಮಾವಾ."

ಮರುದಿನ ಮಧ್ಯಾಹ್ನದೊಳಗೆ ಪೇಟೆಯ ಯಾವ ಅಂಗಡಿಯಲ್ಲೂ ಒಂದೆಳೆ ಕತ್ತಾಳೆ ನಾರು ಉಳಿದಿರಲಿಲ್ಲ. ಕುಂಬಾರರು ಒಯ್ದರು, ಗಾಣದವರು ಒಯ್ದರು, ತರಕಾರಿಯವರು ಕಾದು ನಿಂತು ಒಯ್ದರು. ಕೊನೆಯ ಕಟ್ಟನ್ನು ಕೊಂಡವನು ಹತ್ತಿ ಸಾಹುಕಾರ. ಆಳಿನ ಕೈಯಲ್ಲಿ ಕೊಡದೆ, ತಾನೇ ಶಾಲಿನೊಳಗೆ ಮುಚ್ಚಿಕೊಂಡು ಮನೆಗೆ ನಡೆದ.