ಬಾವಿಗೆ ಬಿದ್ದ ಐದು ಪುಡಿಕೆ

ಪುಣೆಯ ಹತ್ತಿರದ ಕೊಂಢವಾದಲ್ಲಿ ಕುಡಿಯುವ ನೀರಿನ ಬಾವಿ ಒಂದೇ, ಬಾವಿ ಕಮಿಟಿಯಲ್ಲಿ ಮಾನದ, ಅಂದರೆ ಮೊದಲ ಮರ್ಯಾದೆಯ, ಮನೆಗಳು ಐದು. ಬಾವಿಪೂಜೆಯಲ್ಲಿ ಮೊದಲ ಕಾಯಿ ಒಡೆಯುವವರು ಯಾರು ಎಂಬುದರ ಮೇಲೆ ಈ ಮನೆಗಳು ಮೂರು ತಲೆಮಾರಿನಿಂದ ಮಾತು ಬಿಟ್ಟಿದ್ದವು. ಲೋಕಲ್ ಬೋರ್ಡಿನ ಗುಮಾಸ್ತ, ಧಾರವಾಡದ ಈರಬಸಪ್ಪನಿಗೆ ಇದು ಗೊತ್ತಿರಲಿಲ್ಲ.

ಮೂವತ್ನಾಲ್ಕನೆಯ ಇಸವಿಯ ಬೇಸಿಗೆ. ಪಕ್ಕದ ಹಳ್ಳಿಯಲ್ಲಿ ವಾಂತಿಭೇದಿ ಎದ್ದಿತ್ತು. ಈರಬಸಪ್ಪ ಔಷಧ ತಂದ ದಿನ, ಊರಿನ ಭಾಮಾಬಾಯಿಯ ಮಗಳ ಮದುವೆಗೆ ಒಂದೇ ದಿನ ಉಳಿದಿತ್ತು. ಔಷಧ ಬೀಳದ ಬಾವಿಯ ನೀರು ಮುಟ್ಟುವುದಿಲ್ಲ, ಗಾಡಿ ತಿರುಗಿಸುತ್ತೇವೆ ಎಂದು ನಿಗಡಿಯ ಬೀಗರು ಹೇಳಿ ಕಳಿಸಿದ್ದರು. ಅವರು ಬರುವುದು ಅಂದೇ ಸಂಜೆ.

ಬಾವಿಗೆ ಒಂದು ಕಾಗದದ ಪುಡಿಕೆ ಕೆಂಪು ಔಷಧ, ಅಂದರೆ ಪರ್ಮ್ಯಾಂಗನೇಟ್, ಸಾಕು. ಹಾಕುವವರು ಯಾರು? ಬೆಳಗಿನಿಂದ ಹತ್ತು ಗಂಟೆಯವರೆಗೆ ಅದೇ ಜಗಳ. ಕೊನೆಗೆ ಈರಬಸಪ್ಪ ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಐದೂ ಮನೆಯ ಯಜಮಾನರ ಕೈಗೆ ಒಂದೊಂದು ಪುಡಿಕೆ ಕೊಟ್ಟ. ಚಿಟಿಕೆ ಚಿಟಿಕೆ ಉದುರಿಸಿ, ಉಳಿದದ್ದನ್ನು ತಿರುಗಿ ಕೊಡಿ ಎಂದ.

ಮಾನವುಳ್ಳವರು ಚಿಟಿಕೆ ಉದುರಿಸುವುದಿಲ್ಲ. ಐದೂ ಪುಡಿಕೆ ಕಾಗದದ ಸಮೇತ ಒಳಗೆ ಹೋದವು. ನೀರು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಒಂದು ಕಪ್ಪೆ ಮೆಟ್ಟಿಲೇರಿ ಬಂದು, ಕಮಿಟಿಯನ್ನು ಒಮ್ಮೆ ನೋಡಿ, ಊರು ಬಿಟ್ಟು ಹೋಯಿತು.

“ಈ ನೀರಾಗ ಮಗಳ ಮದುವಿ ಮಾಡ್ಲ್ಯೋ, ಸೀರಿಗೆ ಬಣ್ಣ ಹಾಕ್ಲ್ಯೋ, ರಾವಸಾಹೇಬ?” ಎಂದು ಭಾಮಾಬಾಯಿ ಈರಬಸಪ್ಪನನ್ನು ಕೇಳಿದಳು.

ಬಾವಿ ಬರಿದು ಮಾಡದೆ ಗತಿಯಿರಲಿಲ್ಲ. ಎತ್ತು ಹೂಡಿ ನೀರೆತ್ತುವ ಕಪಿಲೆ ಕಟ್ಟಿದರು; ಬಿಂದಿಗೆ, ಬುಟ್ಟಿ, ಯಾರದೋ ಮನೆಯ ತೊಟ್ಟಿಲಿನ ಹಗ್ಗ ಎಲ್ಲವೂ ಬಂದವು. ಒಂದು ಕಾಯಿಗೆ ಒಪ್ಪದ ಐವರು ಒಂದೇ ಹಗ್ಗ ಜಗ್ಗಿದರು. ಅವಸರದಲ್ಲಿ ಮೊದಲು ಯಾರು ಎಂದು ಕೇಳಲು ಯಾರಿಗೂ ಪುರಸತ್ತಿರಲಿಲ್ಲ. ನಾಲ್ಕು ಗಂಟೆಗೆ ಇಡೀ ಊರಿನ ಅಂಗೈ ಔಷಧದ ಕಲೆಯಿಂದ ಕಂದು. ಮೂಗು ಒರೆಸಿಕೊಂಡ ಹೆಂಗಸರಿಗೆ ಮೀಸೆ. ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಹಗ್ಗ ಕೈಜಾರಿ ಬಿಂದಿಗೆಗಳು ಮತ್ತೆ ಒಳಗೆ ಬಿದ್ದವು. ಅಷ್ಟರಲ್ಲಿ ತಳದಿಂದ ತಿಳಿನೀರು ಸೊಂಟದಷ್ಟು ಏರಿತು.

ಗಾಡಿಗಳೂ ಬಂದವು. ವರನ ತಾಯಿ ರಂಗೂಬಾಯಿ ಇಳಿಯಲಿಲ್ಲ. ಊರಿನವರ ಕೈಗಳನ್ನೇ ನೋಡುತ್ತ, ಮದರಂಗಿ ಗಂಡಸರಿಗೂ ಹಚ್ಚುವ ಪದ್ಧತಿಯೇ ಎಂದು ಕೇಳಿದಳು. ಔಷಧ ಬಿತ್ತೋ ಇಲ್ಲವೋ ಎಂದೂ ಕೇಳಿದಳು.

ಈರಬಸಪ್ಪನ ಜೇಬಿನಲ್ಲಿ ಒಂದೇ ಪುಡಿಕೆ ಉಳಿದಿತ್ತು, ಅದರ ಮೇಲೆ ಐವರ ಹತ್ತು ಕಣ್ಣು.

ಭಾಮಾಬಾಯಿ ಆ ಪುಡಿಕೆ ಕಸಿದು ಗಾಡಿಯ ಹತ್ತಿರ ಹೋದಳು. “ಹೊಸ ನೀರು ಬಂದದ ಬೀಗತ್ಯಾರ. ಔಷಧ ಬೀಳಬೇಕು. ಹಾಕೋ ಮಾನ ನಿಮ್ಮದರಿ.”

ವರನ ತಾಯಿಯ ಮಾನಕ್ಕೆ ಎದುರಾಡುವ ಗಂಡಸು ಪುಣೆಯ ಸುತ್ತಮುತ್ತ ಹುಟ್ಟಿರಲಿಲ್ಲ. ರಂಗೂಬಾಯಿ ಇಳಿದಳು. ನೀರು ಕಡಿಮೆಯಿದೆ, ಕಾಲು ಪುಡಿಕೆ ಸಾಕೆಂದ ಈರಬಸಪ್ಪ, ಈ ಸಲ ತಾನೇ ಅಳೆದು ಕೊಟ್ಟ. ಬಾವಿ ಗುಲಾಬಿಯಾಯಿತು. ಆ ರಾತ್ರಿ ನೀರು ಕಾಸಿ ಕುಡಿದರು. ಬೆಳಗ್ಗೆ ಬಾವಿ ತಿಳಿಯಾಗಿತ್ತು. ಮುನ್ನೂರು ಜನ ಕುಡಿದರು, ಮದುವೆಯಾಯಿತು.

ಇನ್ನು ಮುಂದೆ ಔಷಧ ಹಾಕುವ ಮಾನ ಊರಿಗೆ ಹೊಸದಾಗಿ ಬಂದ ಬೀಗತಿಯದೇ ಎಂದು ಕಮಿಟಿ ಒಮ್ಮತದಿಂದ ಠರಾವು ಮಾಡಿತು. ಔಷಧ ತಿಂಗಳಿಗೊಮ್ಮೆ ಬೀಳಲೇಬೇಕು. ಹೀಗಾಗಿ ಈರಬಸಪ್ಪ ಈಗ ಬೋರ್ಡಿನ ಕೆಲಸದ ಜೊತೆಗೆ ಕೊಂಢವಾದ ಹುಡುಗಿಯರಿಗೆ ವರಗಳನ್ನೂ ಹುಡುಕುತ್ತಾನೆ.